ತಪ್ಪು ಯಾರದು ಅಂತ ಗೊತ್ತಾಗೋವರೆಗೆ ಕಾಯೋರು ಯಾರು?

1990ರ ಮಾತು. ಹೈದರಾಬಾದಿನಲ್ಲಿ ನಮ್ಮ ಹಾಗೇ ಇಂಜಿನಿಯರಿಂಗ್ ಓದುತ್ತಿದ್ದ 20 ವರ್ಷದ ಹುಡುಗನೊಬ್ಬನಿಗೆ ಮೇಲಿಂದ ಮೇಲೆ ಜ್ವರ ಬರುತ್ತಿತ್ತು. ಎಕ್ಸ್‌ರೇ ತೆಗೆಸಿದರೆ ಎದೆಯ ಎಡಭಾಗದಲ್ಲಿ ಗಡ್ಡೆ ಕಾಣಿಸಿತು. ನಿಜಾಮ್ಸ್ ಇನ್‌ಸ್ಟಿಟ್ಯೂಟ್ ಆಫ್ ಮೆಡಿಕಲ್ ಸೈನ್ಸಸ್‌ಗೆ ಸೇರಿಸಿದರು. ಒಪ್ಪಿಗೆ ಪಡೆದದ್ದು ಬಯಾಪ್ಸಿಗೆ ಮಾತ್ರ, ಆದರೆ ಒಳಗೆ ಹೋದಮೇಲೆ ಗಡ್ಡೆಯನ್ನೇ ತೆಗೆದುಬಿಟ್ಟರು. ಬೆನ್ನುಹುರಿಯ ಪಕ್ಕದ ಕೆಲಸ ಅದು, ಆದರೂ ನ್ಯೂರೋಸರ್ಜನ್ ಒಬ್ಬರನ್ನು ಜೊತೆಗೆ ಕರೆದಿರಲಿಲ್ಲ. ಹುಡುಗನಿಗೆ ಎಚ್ಚರವಾದಾಗ ಕಾಲುಗಳಲ್ಲಿ ಸ್ವಾಧೀನ ಇರಲಿಲ್ಲ. ಮತ್ತೆ ಬರಲೂ ಇಲ್ಲ.

ಕೇಸು ಹಾಕಿದರು. 1999ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ 15.5 ಲಕ್ಷ ರೂಪಾಯಿ ಕೊಡಿ ಎಂದಿತು. ಅದು ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಅವರು ತಮ್ಮ ಪರವಾಗಿ ತಾವೇ ವಾದ ಮಾಡಿದರು. ಅಷ್ಟೊತ್ತಿಗೆ ಓದು ಮುಗಿಸಿ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸದಲ್ಲಿದ್ದರು. 2009ರ ಮೇ ತಿಂಗಳಲ್ಲಿ ಕೋರ್ಟು ಪರಿಹಾರವನ್ನು 1 ಕೋಟಿಗೆ ಏರಿಸಿತು, ಮೇಲೆ ಬಡ್ಡಿ. ಪೇಪರಿನಲ್ಲಿ 1 ಕೋಟಿ ಅನ್ನೋದೇ ದೊಡ್ಡ ಹೆಡ್ಡಿಂಗು ಆಯ್ತು. ನಮಗೆ ಕಣ್ಣಿಗೆ ಹೊಡೆದದ್ದು ಇನ್ನೊಂದು ಅಂಕಿ: 1990ರಿಂದ 2009, ಹತ್ತೊಂಬತ್ತು ವರ್ಷ. ವೀಲ್‌ಚೇರು, ಫಿಸಿಯೋಥೆರಪಿ, ನೋಡಿಕೊಳ್ಳೋಕೆ ಒಬ್ಬರು, ಇಷ್ಟೆಲ್ಲ ಬೇಕಾಗಿದ್ದು ಮೊದಲನೇ ತಿಂಗಳಿಂದಲೇ ತಾನೆ?

ಇಂಜಿನಿಯರಿಂಗ್ ಓದೋರಿಗೆ ಆಸ್ಪತ್ರೆ, ಪರಿಹಾರ, ಕಾನೂನು ಎಲ್ಲ ಯಾಕಪ್ಪ ಅಂತ ಕೆಲವರು ಕೇಳಬಹುದು. ಸೇತುವೆ ಬಿದ್ದರೆ ಯಾಕೆ ಬಿತ್ತು ಅಂತ ಹುಡುಕೋದನ್ನೇ ನಮಗೆ ನಾಲ್ಕು ವರ್ಷ ಹೇಳಿಕೊಡ್ತಾರೆ. ಆಸ್ಪತ್ರೆಯಲ್ಲಿ ಮನುಷ್ಯ ಬಿದ್ದರೆ ನಮ್ಮ ದೇಶದಲ್ಲಿ ಹುಡುಕೋದು ಯಾಕೆ ಬಿದ್ದ ಅಂತಲ್ಲ, ಯಾರು ಬೀಳಿಸಿದರು ಅಂತ. ಅದು ಸಿಗೋವರೆಗೂ ಬಿದ್ದವನನ್ನು ಎತ್ತೋರಿಲ್ಲ. ನಮ್ಮ ತಕರಾರು ಇದೇ.

ಮೊದಲು ಕಾನೂನು ಹೇಗಿದೆ ನೋಡೋಣ. 1986ರಲ್ಲಿ ಗ್ರಾಹಕ ರಕ್ಷಣಾ ಕಾಯ್ದೆ ಬಂತು. ಡಾಕ್ಟರ ಸೇವೆ ಅದರಡಿ ಬರುತ್ತೋ ಇಲ್ಲವೋ ಅಂತ ಒಂಬತ್ತು ವರ್ಷ ಜಗ್ಗಾಟ ನಡೆದು, 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬರುತ್ತೆ ಎಂದಿತು. ಫೀಸು ಕೊಟ್ಟವನು ಗ್ರಾಹಕ. ಫೀಸನ್ನು ಇನ್ಷೂರೆನ್ಸ್ ಕಂಪನಿಯೋ ಕೆಲಸ ಕೊಟ್ಟವರೋ ಕಟ್ಟಿದ್ದರೂ ಅವನು ಗ್ರಾಹಕನೇ. ಕೆಲವರಿಂದ ಹಣ ತೆಗೆದುಕೊಂಡು ಕೆಲವರಿಗೆ ಉಚಿತವಾಗಿ ನೋಡುವ ಆಸ್ಪತ್ರೆಯಾದರೆ ಉಚಿತದವನೂ ಗ್ರಾಹಕ. ಇಲ್ಲಿಯವರೆಗೆ ಸರಿ. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಗೆ ಹೋದವನು ಮಾತ್ರ ಗ್ರಾಹಕ ಅಲ್ಲ. ಹೆಸರು ಬರೆಸೋಕೆ ಕೊಡುವ ಚೀಟಿಯ ದುಡ್ಡು ಲೆಕ್ಕಕ್ಕಿಲ್ಲ. ನೀವು ಕಟ್ಟುವ ತೆರಿಗೆಯೂ ಲೆಕ್ಕಕ್ಕಿಲ್ಲ. 2019ರಲ್ಲಿ ಹೊಸ ಗ್ರಾಹಕ ಕಾಯ್ದೆ ಬಂದಮೇಲೂ ಉಚಿತ ಸೇವೆ ಹೊರಗೇ ಉಳಿದಿದೆ.

ಅಂದರೆ ಏನಾಯ್ತು? ಕಾರ್ಪೊರೇಟ್ ಆಸ್ಪತ್ರೆಯಲ್ಲಿ ತಪ್ಪಾದರೆ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತೆರೆದಿದೆ. ಸರ್ಕಾರಿ ಜಿಲ್ಲಾಸ್ಪತ್ರೆಯಲ್ಲಿ ಅದೇ ತಪ್ಪಾದರೆ ಆ ಬಾಗಿಲು ಮುಚ್ಚಿದೆ. ಉಳಿಯೋದು ಸಿವಿಲ್ ದಾವೆ, ಇಲ್ಲವೇ ಹೈಕೋರ್ಟಿಗೆ ರಿಟ್ ಅರ್ಜಿ. ದುಡ್ಡಿಲ್ಲ ಅಂತಲೇ ಸರ್ಕಾರಿ ಆಸ್ಪತ್ರೆಗೆ ಹೋದವರಿಗೆ ಹೈಕೋರ್ಟಿಗೆ ಹೋಗಿ ಅನ್ನೋದು ಯಾವ ಸೀಮೆ ನ್ಯಾಯ? ರಿಟ್ ಹಾದಿಯಲ್ಲಿ ಸಿಕ್ಕಿದ್ದಾದರೂ ಎಷ್ಟು? 1992ರಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೂಲಿಯವರೊಬ್ಬರನ್ನು ಕಲ್ಕತ್ತಾ ಕಡೆಯ ಸರ್ಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ಹಾಸಿಗೆ ಇಲ್ಲ, ಸೌಲಭ್ಯ ಇಲ್ಲ ಎಂದು ವಾಪಸ್ ಕಳಿಸಿದವು. ಇದು ಬದುಕುವ ಹಕ್ಕಿನ ಉಲ್ಲಂಘನೆ ಎಂದು 1996ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ತುಂಬ ದೊಡ್ಡ ತೀರ್ಪು, ಇವತ್ತಿಗೂ ಎಲ್ಲರೂ ಎತ್ತಿ ಹೇಳುತ್ತಾರೆ. ಅವರಿಗೆ ಸಿಕ್ಕ ಪರಿಹಾರ 25,000 ರೂಪಾಯಿ.

ಈಗ ನಮ್ಮ ಬಳ್ಳಾರಿಗೆ ಬನ್ನಿ. 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ವಿಷಮ ಸ್ಥಿತಿಗೆ ಹೋದರು. ಐದು ಜನ ತೀರಿಕೊಂಡರು. ಅನುಮಾನ ಬಿದ್ದದ್ದು ಅವರಿಗೆ ಹಾಕಿದ ಐವಿ ದ್ರಾವಣದ ಮೇಲೆ, ಅಂದರೆ ಊರಿನಲ್ಲಿ ಎಲ್ಲರೂ 'ಗ್ಲೂಕೋಸ್ ಬಾಟ್ಲಿ' ಅನ್ನೋ ಥರದ ಬಾಟ್ಲಿ, ಆಸ್ಪತ್ರೆ ಭಾಷೆಯಲ್ಲಿ ರಿಂಗರ್ ಲ್ಯಾಕ್ಟೇಟ್. ಪಶ್ಚಿಮ ಬಂಗಾಳದ ಕಂಪನಿಯೊಂದರಲ್ಲಿ ತಯಾರಾಗಿ ಸರ್ಕಾರದ ಔಷಧ ಖರೀದಿಯ ಮೂಲಕ ಬಂದ ಮಾಲು ಅದು. ಅದರ ಬಳಕೆ ನಿಲ್ಲಿಸಿದರು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿದರು, ತನಿಖೆಗೆ ಆದೇಶವಾಯಿತು. ಅದೇ ಕಂಪನಿಯ ಕೆಲವು ಬ್ಯಾಚುಗಳ ಬಗ್ಗೆ ಮೊದಲೇ ತಕರಾರು ಎದ್ದಿತ್ತು, ರಾಜ್ಯದ ಲ್ಯಾಬು ಒಂದು ಹೇಳಿದರೆ ಕೇಂದ್ರದ ಲ್ಯಾಬು ಇನ್ನೊಂದು ಹೇಳಿತ್ತು ಅನ್ನೋದೂ ಆಗ ಹೊರಬಂತು.

ಇಲ್ಲಿ ಒಂದು ಕ್ಷಣ ನಿಂತು ಯೋಚನೆ ಮಾಡಿ. ಇಲ್ಲಿ 'ತಪ್ಪು' ಯಾರದು? ಆಪರೇಷನ್ ಮಾಡಿದ ಡಾಕ್ಟರದಾ? ಬಾಟ್ಲಿ ನೇತುಹಾಕಿದ ಸಿಸ್ಟರದಾ? ಟೆಂಡರ್ ಪಾಸ್ ಮಾಡಿದವರದಾ? ತಯಾರಿಸಿದ ಕಂಪನಿಯದಾ, ಗೋಡೌನಿನದಾ, ಪರೀಕ್ಷೆ ಮಾಡಿದ ಲ್ಯಾಬಿನದಾ? ಒಬ್ಬೊಬ್ಬರೂ ಇನ್ನೊಬ್ಬರ ಕಡೆ ಬೆರಳು ತೋರಿಸಬಹುದು, ಎಲ್ಲರ ಬೆರಳಿನಲ್ಲೂ ಒಂದಿಷ್ಟು ಸತ್ಯ ಇರಬಹುದು. ವೈದ್ಯಕೀಯ ನಿರ್ಲಕ್ಷ್ಯದ ಕಾನೂನು ನಿಂತಿರೋದೇ 'ಈ ಡಾಕ್ಟರು, ತನ್ನ ಜಾಗದಲ್ಲಿ ಸಾಧಾರಣ ತಿಳುವಳಿಕೆಯ ಇನ್ನೊಬ್ಬ ಡಾಕ್ಟರಿದ್ದಿದ್ದರೆ ಮಾಡುತ್ತಿದ್ದ ಹಾಗೆ ಮಾಡಿದರಾ' ಅನ್ನೋ ಪ್ರಶ್ನೆಯ ಮೇಲೆ. ಡಾಕ್ಟರು ಸರಿಯಾಗೇ ಮಾಡಿದ್ದರು ಅಂತಾದರೆ ಆ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ತಾಯಿ ಇಲ್ಲದ ಹಸುಗೂಸಿನ ಪ್ರಶ್ನೆ ಮುಗಿಯಲ್ಲ.

ಸರ್ಕಾರ ಪರಿಹಾರ ಕೊಡಲಿಲ್ಲವಾ ಅಂದರೆ, ಕೊಟ್ಟಿತು. ಮೊದಲು 2 ಲಕ್ಷ ಎಂದರು, ಗಲಾಟೆ ಜೋರಾದ ಮೇಲೆ 5 ಲಕ್ಷ ಎಂದರು. ನಮ್ಮ ಪ್ರಶ್ನೆ ಇಷ್ಟೇ: 2 ಅನ್ನೋದು ಯಾವ ಸೂತ್ರದಿಂದ ಬಂತು, 5 ಅನ್ನೋದು ಯಾವ ಸೂತ್ರದಿಂದ ಬಂತು? ಲ್ಯಾಬ್ ರೆಕಾರ್ಡಿನಲ್ಲಿ ಸ್ಟೆಪ್ಸ್ ಇಲ್ಲದೆ ಬರೀ ಉತ್ತರ ಬರೆದರೆ ನಮ್ಮ ಮೇಡಂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ವಾಪಸ್ ಕೊಡ್ತಾರೆ. ಇಲ್ಲಿ ಸ್ಟೆಪ್ಸ್ ಇಲ್ಲ. ಟಿವಿಯಲ್ಲಿ ಬಂದ ಸಾವಿಗೆ ಒಂದು ರೇಟು, ಬರದ ಸಾವಿಗೆ ಸೊನ್ನೆ. ಅದೇ ವಾರ ರಾಜ್ಯದ ಬೇರೆ ಯಾವುದೋ ತಾಲೂಕು ಆಸ್ಪತ್ರೆಯಲ್ಲಿ ಒಬ್ಬಳೇ ಒಬ್ಬ ಬಾಣಂತಿ ಹೀಗೇ ಸತ್ತಿದ್ದರೆ ಅವಳ ಮನೆಗೆ ಯಾರು ಹೋಗುತ್ತಿದ್ದರು? ಹಕ್ಕಾಗಿ ಬರಬೇಕಾದ್ದು ಇಲ್ಲಿ ದಯೆಯಾಗಿ ಬರುತ್ತಿದೆ. ದಯೆಗೆ ಕ್ಯಾಮೆರಾ ಬೇಕು.

ಸುಧಾರಣೆಯ ಪ್ರಯತ್ನ ನಡೆದೇ ಇಲ್ಲ ಅಂತಲ್ಲ. 2017ರ ಗಲಾಟೆ ನಮ್ಮಲ್ಲಿ ಕೆಲವರಿಗೆ ಹೈಸ್ಕೂಲಿನ ನೆನಪು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಎಲ್ಲರ ಬಾಯಲ್ಲಿ ಕೆಪಿಎಂಇ, ಅದು 2007ರಿಂದಲೇ ಇತ್ತು. ಅದಕ್ಕೆ ಹಲ್ಲು ಬರಿಸೋಕೆ ಆಗಿನ ಆರೋಗ್ಯ ಸಚಿವ ರಮೇಶ್ ಕುಮಾರ್ ತಿದ್ದುಪಡಿ ತಂದರು. ಚಿಕಿತ್ಸೆಯ ದರಕ್ಕೆ ಮಿತಿ, ರೋಗಿಗಳ ಹಕ್ಕುಗಳ ಪಟ್ಟಿ, ಜಿಲ್ಲೆಗೊಂದು ದೂರು ಸಮಿತಿ, ತಪ್ಪಿದರೆ ಜೈಲು. ಖಾಸಗಿ ಡಾಕ್ಟರುಗಳು ಬೀದಿಗೆ ಇಳಿದರು. ನವೆಂಬರಿನಲ್ಲಿ ಬೆಳಗಾವಿಯಲ್ಲಿ ಅಧಿವೇಶನ ನಡೆಯುತ್ತಿದ್ದಾಗ ಅಲ್ಲೇ ಉಪವಾಸ ಕೂತರು, ರಾಜ್ಯದಲ್ಲಿ ಖಾಸಗಿ ಆಸ್ಪತ್ರೆಗಳ ಒಪಿಡಿ ಬಂದ್ ಆಯ್ತು, ಚಿಕಿತ್ಸೆ ಸಿಗದೆ ಜನ ಸತ್ತ ವರದಿಗಳು ಬಂದವು, ಹೈಕೋರ್ಟು ಕೆಲಸಕ್ಕೆ ಹೋಗಿ ಎಂದಿತು. ಕಡೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ಮಾತುಕತೆ ನಡೆಸಿ, ಮಸೂದೆಯನ್ನು ಸಾಕಷ್ಟು ಮೆದು ಮಾಡಿ ಪಾಸು ಮಾಡಿಸಿದರು. ತುರ್ತು ಚಿಕಿತ್ಸೆಗೆ ಮೊದಲು ಅಡ್ವಾನ್ಸ್ ಕೇಳಬಾರದು, ಬಿಲ್ ಬಾಕಿ ಅಂತ ಹೆಣ ಇಟ್ಟುಕೊಳ್ಳಬಾರದು ಅನ್ನೋ ಮಾತುಗಳು ಉಳಿದುಕೊಂಡವು. ಅಷ್ಟಾದರೂ ಉಳಿದದ್ದು ಒಳ್ಳೆಯದೇ.

ಆ ಗಲಾಟೆಯಲ್ಲಿ ಡಾಕ್ಟರುಗಳ ಒಂದು ಬೇಡಿಕೆ ನಮಗೆ ಈಗಲೂ ಸರಿ ಅನ್ನಿಸುತ್ತೆ: 'ನಮಗೆ ಹಾಕುವ ಕಾನೂನನ್ನು ಸರ್ಕಾರಿ ಆಸ್ಪತ್ರೆಗೂ ಹಾಕಿ.' ಅವರು ಅದನ್ನು ಹೇಳಿದ್ದು ಬಹುಶಃ ಮಸೂದೆಯ ಚಕ್ರಕ್ಕೆ ಕೋಲು ಇಡೋಕೆ. ಇರಲಿ, ಯಾವ ಉದ್ದೇಶಕ್ಕೆ ಹೇಳಿದರೂ ಮಾತು ನ್ಯಾಯದ್ದೇ. ಸರ್ಕಾರ ಒಪ್ಪಲಿಲ್ಲ. ಏಳು ವರ್ಷದ ನಂತರ ಬಳ್ಳಾರಿ ನಡೆಯಿತು.

ಇನ್ನೊಂದು ಕಡೆ ಜನರ ಸಿಟ್ಟು ಹುಡುಕೋ ದಾರಿ ಪೊಲೀಸ್ ಸ್ಟೇಷನ್. ರೋಗಿ ಸತ್ತ ಕೂಡಲೇ ಆಸ್ಪತ್ರೆ ಗಾಜು ಒಡೆಯೋದು, ಡ್ಯೂಟಿ ಡಾಕ್ಟರ ಕೊರಳಪಟ್ಟಿ ಹಿಡಿಯೋದು, ಎಫ್‌ಐಆರ್ ಹಾಕಿಸೋದು. ಹಾಗೆ ಸಿಕ್ಕಿಬೀಳೋದು ಸಾಮಾನ್ಯವಾಗಿ ನಮಗಿಂತ ನಾಲ್ಕೈದು ವರ್ಷ ದೊಡ್ಡವರಾದ ಹೌಸ್ ಸರ್ಜನ್, ಪಿಜಿ ಹುಡುಗ ಹುಡುಗಿಯರು. ನಿದ್ದೆಗೆಟ್ಟು ರಾತ್ರಿ ಪಾಳಿ ಮಾಡುತ್ತಿರೋರು. ಡಾಕ್ಟರನ್ನು ಕ್ರಿಮಿನಲ್ ಕೇಸಿನಲ್ಲಿ ಶಿಕ್ಷಿಸಬೇಕಾದರೆ ಘೋರ ನಿರ್ಲಕ್ಷ್ಯ ಇರಬೇಕು, ಸಣ್ಣಪುಟ್ಟ ಲೋಪ ಸಾಲದು ಅಂತ 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ನಿರ್ಲಕ್ಷ್ಯದ ಸಾವಿಗೆ ಬೇರೆಯವರಿಗೆ ಐದು ವರ್ಷದವರೆಗೆ, ನೋಂದಾಯಿತ ವೈದ್ಯರಿಗೆ ಎರಡು ವರ್ಷದವರೆಗೆ ಜೈಲು. ಇದು ಪಕ್ಷಪಾತ ಅಂತ ಕೆಲವರು, ಎರಡು ವರ್ಷವೂ ಜಾಸ್ತಿ ಅಂತ ಡಾಕ್ಟರುಗಳು. ನಮಗೆ ಈ ಎರಡು-ಐದರ ಜಗಳದಲ್ಲಿ ಆಸಕ್ತಿ ಕಮ್ಮಿ. ಡಾಕ್ಟರು ಎರಡು ವರ್ಷ ಒಳಗೆ ಕೂತರೆ ಆ ಮಗುವಿನ ಹಾಲಿನ ಖರ್ಚು ಯಾರು ಕೊಡ್ತಾರೆ?

ಗ್ರಾಹಕ ಆಯೋಗಕ್ಕೆ ಹೋಗಬಲ್ಲವರ ಕತೆಯಾದರೂ ಸುಖವಾ ಅಂದರೆ ಅದೂ ಇಲ್ಲ. ಎದುರು ಪಾರ್ಟಿಗೆ ನೋಟಿಸು ಮುಟ್ಟಿದ ಮೂರು ತಿಂಗಳಲ್ಲಿ, ಪರೀಕ್ಷೆ ಅದು ಇದು ಬೇಕಾದರೆ ಐದು ತಿಂಗಳಲ್ಲಿ, ಆದಷ್ಟು ಮಟ್ಟಿಗೆ ತೀರ್ಮಾನ ಆಗಬೇಕು ಅಂತ ಕಾಯ್ದೆಯಲ್ಲೇ ಇದೆ. ಓದಿದರೆ ನಗು ಬರುತ್ತೆ. ತಪ್ಪಾಗಿದೆ ಅಂತ ತೋರಿಸೋಕೆ ಬಹಳ ಸಲ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಬೇಕು. ಅದೇ ಊರು, ಅದೇ ಕ್ಲಬ್ಬು, ಅದೇ ಸಂಘ, ನಾಳೆ ಮದುವೆ ಮನೆಯಲ್ಲಿ ಮುಖ ನೋಡಬೇಕು. ಯಾರು ಬರೆದುಕೊಡ್ತಾರೆ? ಒಳರೋಗಿಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ನಡತೆಯ ನಿಯಮ 2002ರಿಂದಲೂ ಹೇಳುತ್ತೆ. ನಮ್ಮ ಗುಂಪಿನ ಗೆಳತಿಯೊಬ್ಬಳ ಅಜ್ಜಿಯ ಕೇಸ್ ಶೀಟ್ ತೆಗೆದುಕೊಳ್ಳೋಕೆ ಮನೆಯವರು ನರ್ಸಿಂಗ್ ಹೋಮೊಂದಕ್ಕೆ ಮೂರು ವಾರ ಅಲೆದರು. ಕೊಟ್ಟಾಗ ಎರಡು ದಿನದ ಹಾಳೆ ಇರಲಿಲ್ಲ. 'ಬೈಂಡಿಂಗಿಗೆ ಹೋದಾಗ ಮಿಸ್ ಆಗಿರಬೇಕು' ಅಂದರಂತೆ. (72 ಗಂಟೆಯ ನಿಯಮ ನೆನಪಿಟ್ಟುಕೊಳ್ಳಿ, ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ತಗೊಳ್ಳಿ. ಎಂದಾದರೂ ಬೇಕಾಗುತ್ತೆ.)

ಗೆದ್ದರೂ ಮೊತ್ತದ ಲೆಕ್ಕ ವಿಚಿತ್ರ. ನಮ್ಮ ದೇಶದ ಬಲು ದೊಡ್ಡ ಪರಿಹಾರದ ಪ್ರಕರಣ ಅನುರಾಧಾ ಸಾಹಾ ಅವರದು. ಅಮೆರಿಕದಲ್ಲಿ ನೆಲೆಸಿದ್ದ ಮಕ್ಕಳ ಮನಶ್ಶಾಸ್ತ್ರಜ್ಞೆ. 1998ರಲ್ಲಿ ಕಲ್ಕತ್ತಾಗೆ ಬಂದಿದ್ದಾಗ ಚರ್ಮದ ತೊಂದರೆಗೆ ಚಿಕಿತ್ಸೆ ಪಡೆದು, ಅದು ಕೆಟ್ಟು ತೀರಿಕೊಂಡರು. ಗಂಡ ಕುನಾಲ್ ಸಾಹಾ ಸ್ವತಃ ಡಾಕ್ಟರು, ಬಿಡದೆ ಹೋರಾಡಿದರು. 2013ರಲ್ಲಿ ಸುಪ್ರೀಂ ಕೋರ್ಟು ಕೊಟ್ಟದ್ದು ಸುಮಾರು 5.96 ಕೋಟಿ, ಬಡ್ಡಿ ಬೇರೆ. ಡಾಕ್ಟರಾದವರಿಗೇ ಹದಿನೈದು ವರ್ಷ ಹಿಡಿಯಿತು ಅನ್ನೋದು ಒಂದು. ಇನ್ನೊಂದು, ಸತ್ತವರು ಬದುಕಿದ್ದರೆ ಎಷ್ಟು ದುಡಿಯುತ್ತಿದ್ದರು ಅನ್ನೋದು ಈ ಲೆಕ್ಕದಲ್ಲಿ ದೊಡ್ಡ ಭಾಗ. ಹಾಗಾದರೆ ಸಂಡೂರು ಕಡೆಯ ಹೊಲದ ಕೂಲಿಯ ಹೆಂಗಸು ಅದೇ ತಪ್ಪಿನಿಂದ ಸತ್ತರೆ? ಅದೇ ಸೂತ್ರಕ್ಕೆ ಅವಳ ದಿನಗೂಲಿ ಹಾಕಿ ನೋಡಿ. ಅವಳ ಮಕ್ಕಳಿಗೆ ಅಮ್ಮ ಕಡಿಮೆ ಸತ್ತಳಾ?

ಹಾಗಂತ ಪರಿಹಾರಕ್ಕೆ ಮೇಲ್ಮಿತಿ ಹಾಕಿಬಿಡಿ ಅನ್ನೋರ ಜೊತೆ ನಾವಿಲ್ಲ. ಅಮೆರಿಕದಲ್ಲಿ ಆರೋಗ್ಯ ಸುಧಾರಣೆ ಅಂದಾಗೆಲ್ಲ ಈ ವಾದ ಏಳುತ್ತೆ: ಕೇಸಿನ ಭಯಕ್ಕೆ ಡಾಕ್ಟರುಗಳು ಬೇಡದ ಟೆಸ್ಟ್ ಬರೆಯುತ್ತಾರೆ, ಅದಕ್ಕೇ ಖರ್ಚು ಏರಿದೆ, ಮಿತಿ ಹಾಕಿದರೆ ಎಲ್ಲ ಇಳಿಯುತ್ತೆ. ಒಬಾಮಾ ಕಾಲದ ಚರ್ಚೆ ಜೋರಾಗಿದ್ದ 2009ರಲ್ಲಿ ಅಲ್ಲಿನ ಸಂಸತ್ತಿನ ಬಜೆಟ್ ಕಚೇರಿ ಲೆಕ್ಕ ಹಾಕಿತು. ಇಂಥ ಮಿತಿಗಳಿಂದೆಲ್ಲ ಉಳಿಯೋದು ದೇಶದ ಒಟ್ಟು ಆರೋಗ್ಯ ಖರ್ಚಿನ ಸುಮಾರು 0.5%. ಕ್ಯಾಲಿಫೋರ್ನಿಯಾ 1975ರಲ್ಲೇ ನೋವು-ಸಂಕಟದ ಪರಿಹಾರಕ್ಕೆ 2,50,000 ಡಾಲರ್ ಮಿತಿ ಹಾಕಿತ್ತು. ಅದನ್ನು ಏರಿಸುವ ಕಾನೂನು ಬಂದದ್ದು 2022ರಲ್ಲಿ. ನಡುವೆ 47 ವರ್ಷ ಬೆಲೆಯೆಲ್ಲ ಏರಿತು, ನೋವಿನ ಬೆಲೆ ಒಂದೇ ಇತ್ತು.

ಹಾಗಾದರೆ ನಿಮ್ಮ ದಾರಿ ಯಾವುದು ಅಂತ ಕೇಳಿ. ಬಸ್‌ಸ್ಟ್ಯಾಂಡಿಗೆ ಬನ್ನಿ, ತೋರಿಸ್ತೀವಿ.

ರಸ್ತೆಯಲ್ಲಿ ಗಾಡಿ ಗುದ್ದಿ ಯಾರಾದರೂ ಸತ್ತರೆ, ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಡಿ 5 ಲಕ್ಷ, ತೀವ್ರ ಗಾಯವಾದರೆ 2.5 ಲಕ್ಷ. ಡ್ರೈವರನ ತಪ್ಪು ಅಂತ ಸಾಬೀತು ಮಾಡೋದು ಬೇಡ. ರೈಲಿನಿಂದ ಬಿದ್ದು ಸತ್ತರೆ 8 ಲಕ್ಷ, ಅಲ್ಲೂ ರೈಲ್ವೆಯ ತಪ್ಪು ತೋರಿಸಬೇಕಿಲ್ಲ. ಕೆಎಸ್ಸಾರ್ಟಿಸಿ ಟಿಕೆಟಿನ ಜೊತೆ ಅಪಘಾತ ಪರಿಹಾರ ನಿಧಿಗೆ ಅಂತ ಒಂದು ಸಣ್ಣ ಮೊತ್ತ ಹಿಡಿಯುತ್ತಾರೆ, ಊರಿಗೆ ಹೋಗುವಾಗ ನಾವೆಲ್ಲ ಕಟ್ಟಿದ್ದೇವೆ. ಅಂದರೆ ಬಸ್ಸು, ರೈಲು, ಕಾರು ಅಪಾಯದ ವಸ್ತು, ಎಷ್ಟೇ ಹುಷಾರಾಗಿದ್ದರೂ ಕೆಲವರಿಗೆ ಪೆಟ್ಟಾಗುತ್ತೆ, ಆ ಪೆಟ್ಟನ್ನು ಎಲ್ಲರೂ ಸ್ವಲ್ಪ ಸ್ವಲ್ಪ ಹೊರೋಣ ಅಂತ ನಾವು ಒಂದು ಸಮಾಜವಾಗಿ ಒಪ್ಪಿಕೊಂಡು ಬಹಳ ಕಾಲ ಆಯ್ತು. ಆಪರೇಷನ್ ಥಿಯೇಟರ್ ಏನು ಬಸ್ಸಿಗಿಂತ ಕಡಿಮೆ ಅಪಾಯದ ಜಾಗವಾ? ಜಿಲ್ಲಾಸ್ಪತ್ರೆಗೆ ಹೋಗುವ ದಾರಿಯಲ್ಲಿ ಬಸ್ಸು ಉರುಳಿ ಸತ್ತರೆ ಮನೆಯವರಿಗೆ ಕೇಳುವ ಹಕ್ಕಿದೆ. ಒಳಗೆ ಹೋಗಿ ಸತ್ತರೆ ಇಲ್ಲ.

ಇದನ್ನು ಆಸ್ಪತ್ರೆಗೂ ತಂದಿರುವ ದೇಶ ಇದೆ. ನ್ಯೂಜಿಲೆಂಡಿನಲ್ಲಿ ವುಡ್‌ಹೌಸ್ ಎಂಬ ನ್ಯಾಯಾಧೀಶರ ಆಯೋಗ 1967ರಲ್ಲಿ ವರದಿ ಕೊಟ್ಟಿತು, 1974ರ ಏಪ್ರಿಲಿನಿಂದ ಯೋಜನೆ ಶುರುವಾಯಿತು. ಯಾವುದೇ ಅಪಘಾತದಲ್ಲಿ ಗಾಯವಾದವನಿಗೆ ಯಾರ ತಪ್ಪು ಅಂತ ಕೇಳದೆ ನೆರವು. ಅದರ ಬದಲಿಗೆ ಗಾಯದ ಪರಿಹಾರಕ್ಕೆ ಕೋರ್ಟಿಗೆ ಹೋಗುವ ಹಕ್ಕು ಇಲ್ಲ. ಚಿಕಿತ್ಸೆಯಿಂದ ಆದ ಗಾಯಕ್ಕೆ ಮಾತ್ರ ಮೊದಮೊದಲು ಡಾಕ್ಟರ ತಪ್ಪು ಹುಡುಕುವ ಷರತ್ತುಗಳು ಉಳಿದಿದ್ದವು. 2005ರಲ್ಲಿ ಅದನ್ನೂ ತೆಗೆದರು. ಈಗ ಕೇಳೋದು ಇಷ್ಟೇ: ಗಾಯ ಚಿಕಿತ್ಸೆಯಿಂದ ಆಯ್ತಾ, ಆ ಚಿಕಿತ್ಸೆಗೆ ಸಹಜವಾದ ಪರಿಣಾಮ ಅಲ್ಲ ತಾನೆ? ಹೌದಾದರೆ ಖರ್ಚು, ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಗಳಿಕೆಯ 80%. ಸ್ವೀಡನ್ನಿನಲ್ಲಿ 1975ರಿಂದ ಬೇರೆ ರೂಪದಲ್ಲಿ ಇಂಥದ್ದೇ ವಿಮೆ ಇದೆ. ನ್ಯೂಜಿಲೆಂಡ್ ನಮ್ಮ ಬೆಂಗಳೂರಿಗಿಂತ ಚಿಕ್ಕದು, ದುಡ್ಡಿರೋ ದೇಶ, ಗೊತ್ತು. ಅಲ್ಲಿಯದನ್ನು ಇದ್ದ ಹಾಗೇ ಎತ್ತಿ ತರೋದು ಆಗಲ್ಲ. ನಾವು ಕೇಳ್ತಿರೋದು ಬಸ್ಸಿಗೆ ಇರುವಷ್ಟು ಮಾತ್ರ. ಸರ್ಕಾರಿ ಇರಲಿ ಖಾಸಗಿ ಇರಲಿ, ಚಿಕಿತ್ಸೆಯಿಂದ ಸತ್ತರೆ ಅಥವಾ ಅಂಗ ಊನವಾದರೆ, ಸಂಬಳ ಎಷ್ಟಿತ್ತು ಅಂತ ನೋಡದೆ, ಕಾನೂನಿನಲ್ಲಿ ಬರೆದಿಟ್ಟ ಒಂದು ಮೊತ್ತ ಕೆಲವೇ ತಿಂಗಳಲ್ಲಿ ಕೈಗೆ ಸೇರಬೇಕು, ಬೆಲೆ ಏರಿದ ಹಾಗೆ ಮೊತ್ತ ತಾನಾಗೇ ಏರಬೇಕು. ಹೆಚ್ಚಿನದು ಬೇಕಾದವರು ಆಮೇಲೆ ಆಯೋಗಕ್ಕೆ ಹೋಗಲಿ, ಆ ದಾರಿ ಮುಚ್ಚೋದು ಬೇಡ. ಹಣಕ್ಕೆ ಖಾಸಗಿ ಆಸ್ಪತ್ರೆಗಳು ಹಾಸಿಗೆ ಲೆಕ್ಕದಲ್ಲಿ ವಂತಿಗೆ ಕಟ್ಟಲಿ, ಸರ್ಕಾರಿ ಆಸ್ಪತ್ರೆಗಳದ್ದು ಬಜೆಟ್ಟಿನಿಂದ ಬರಲಿ.

ಇದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ. ನಮ್ಮ ಮೀಟಿಂಗಿನಲ್ಲೇ ಇದರ ಮೇಲೆ ಒಂದು ಸಂಜೆ ಪೂರ್ತಿ ಜಗಳವಾಯ್ತು. ತಪ್ಪು ಮಾಡಿದವರ ಜೇಬಿಗೆ ಕೈ ಹಾಕದಿದ್ದರೆ ಅವರು ಹುಷಾರಾಗಿ ಇರ್ತಾರಾ? ಕೇಸಿನ ಭಯವೂ ಹೋದರೆ ಆಸ್ಪತ್ರೆಗಳು ಇನ್ನೂ ಸಡಿಲ ಬೀಳಲ್ವಾ?

ಭಯ ಜನರನ್ನು ಹುಷಾರು ಮಾಡುತ್ತೆ ಅನ್ನೋದು ಅರ್ಧ ನಿಜ. ಉಳಿದರ್ಧದಲ್ಲಿ ಭಯ ಜನರನ್ನು ಮುಚ್ಚಿಡೋ ಹಾಗೆ ಮಾಡುತ್ತೆ, ಕೇಸ್ ಶೀಟಿನ ಎರಡು ಹಾಳೆ 'ಮಿಸ್' ಆಗೋ ಹಾಗೆ ಮಾಡುತ್ತೆ. ಇಲ್ಲಿ ನಮ್ಮ ಬಯೋಮೆಡಿಕಲ್ ಬ್ರಾಂಚಿನವರು ಎದೆ ಸೆಟೆಸಿ ಹೇಳುವ ಕತೆಯೊಂದಿದೆ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಜೆಫ್ರಿ ಕೂಪರ್ ಅನ್ನೋ ಇಂಜಿನಿಯರ್ ಇದ್ದರು. ಡಾಕ್ಟರಲ್ಲ, ಇಂಜಿನಿಯರ್. ಅನಸ್ತೇಷಿಯಾ ಕೊಡುವವರನ್ನು ಕೂರಿಸಿಕೊಂಡು, ಶಿಕ್ಷೆ ಇಲ್ಲ, ಹೆಸರು ಹೊರಗೆ ಬರಲ್ಲ, ಎಲ್ಲೆಲ್ಲಿ ತಪ್ಪಿತು ಹೇಳಿ ಅಂತ ಕೇಳಿದರು. ವಿಮಾನದ ಅಪಘಾತ ತಪ್ಪಿದ ಸಂದರ್ಭಗಳನ್ನು ಪೈಲಟ್‌ಗಳಿಂದ ಕೇಳಿ ತಿಳಿಯುವ ಪದ್ಧತಿ ಅದು. 1978ರಲ್ಲಿ ಬಂದ ಅವರ ಪ್ರಬಂಧದಲ್ಲಿ 359 ಘಟನೆಗಳಿದ್ದವು, ಅದರಲ್ಲಿ 82% ಮನುಷ್ಯರ ಕೈತಪ್ಪು. ಸಿರಿಂಜ್ ಅದಲುಬದಲು, ಉಸಿರಾಟದ ಕೊಳವೆ ಕಳಚಿದ್ದು ಗೊತ್ತಾಗದೆ ಹೋದದ್ದು, ಗ್ಯಾಸಿನ ನಾಬ್ ತಿರುವಿದ್ದು ತಪ್ಪಾದದ್ದು. ಓದಿದರೆ ಯಾರನ್ನು ಜೈಲಿಗೆ ಹಾಕೋಣ ಅನ್ನಿಸಲ್ಲ, ಈ ನಾಬನ್ನು ಬೇರೆ ಥರ ಮಾಡಬಾರದಾ ಅನ್ನಿಸುತ್ತೆ.

ಆಮೇಲೆ ಅಮೆರಿಕದ ಅನಸ್ತೇಷಿಯಾ ಸಂಘ ಇನ್ನೊಂದು ಜಾಣತನ ಮಾಡಿತು. ಅವರ ವಿಮಾ ಕಂತು ಆಗ ವಿಪರೀತ ಇತ್ತು. 1980ರ ದಶಕದ ನಡುವೆ ವಿಮಾ ಕಂಪನಿಗಳಲ್ಲಿ ಮುಗಿದುಹೋಗಿದ್ದ ಪರಿಹಾರದ ಫೈಲುಗಳನ್ನು ತರಿಸಿ ಓದೋಕೆ ಕೂತರು. ಉಸಿರಾಟ ನಿಂತದ್ದು ಸಮಯಕ್ಕೆ ಗೊತ್ತಾಗದೆ ಆದ ಹಾನಿಯೇ ಅದರಲ್ಲಿ ದೊಡ್ಡ ಪಾಲು ಅಂತ ಕಂಡಿತು. 1986ರಲ್ಲಿ ಪ್ರತಿ ಆಪರೇಷನ್ನಿನಲ್ಲಿ ಏನೇನು ಮಾನಿಟರ್ ಮಾಡಬೇಕು ಅಂತ ನಿಯಮ ತಂದರು. ಕೋವಿಡ್ ಕಾಲದಲ್ಲಿ ನಮ್ಮ ಮನೆಗಳಲ್ಲೆಲ್ಲ ಬೆರಳಿಗೆ ಹಾಕಿಕೊಂಡೆವಲ್ಲ, ಆ ಪಲ್ಸ್ ಆಕ್ಸಿಮೀಟರ್, ಅದು ಆಪರೇಷನ್ ಕೋಣೆಯಲ್ಲಿ ಕಡ್ಡಾಯದ ವಸ್ತುವಾದದ್ದು ಇಂಥ ಓದಿನ ಹಿಂದೆಯೇ. ಸಾವು ಇಳಿದವು, ವಿಮಾ ಕಂತೂ ಇಳಿಯಿತು.

ನಮ್ಮಲ್ಲಿ ಆ ಫೈಲುಗಳು ಎಲ್ಲಿವೆ? ಜಿಲ್ಲಾ ಗ್ರಾಹಕ ಆಯೋಗಗಳಲ್ಲಿ, ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ, ವಿಮಾ ಕಚೇರಿಗಳಲ್ಲಿ, ತಾಯಿ ಮರಣದ ಪರಿಶೀಲನೆಯ ವರದಿಗಳಲ್ಲಿ. ಕೆಂಪು ದಾರ ಕಟ್ಟಿ ಬೀರುವಿನಲ್ಲಿಟ್ಟಿದ್ದಾರೆ. ಸೋತವರು ಮರೆಯೋಕೆ ನೋಡ್ತಾರೆ, ಗೆದ್ದವರು ಮನೆಗೆ ಹೋಗ್ತಾರೆ. ತಪ್ಪು ಸಾಬೀತಾದ ಮೇಲೆ ಮಾತ್ರ ದುಡ್ಡು ಅನ್ನೋ ಪದ್ಧತಿ ಇರೋವರೆಗೂ ಯಾವ ಆಸ್ಪತ್ರೆಯೂ ತಾನಾಗಿ ಬಾಯಿ ಬಿಡಲ್ಲ. ಬಾಯಿ ಬಿಟ್ಟರೆ ಅದೇ ಸಾಕ್ಷಿ. ದುಡ್ಡನ್ನೂ ತಪ್ಪನ್ನೂ ಬೇರೆ ಮಾಡಿ ನೋಡಿ. ಗಾಯವಾದವನಿಗೆ ನಿಧಿಯಿಂದ ಹಣ. ಏನಾಯ್ತು ಅನ್ನೋದರ ವರದಿ ಕಡ್ಡಾಯವಾಗಿ ಒಂದೇ ಕಡೆಗೆ, ಹೆಸರು ತೆಗೆದು ಎಲ್ಲರೂ ಓದೋ ಹಾಗೆ. ಕುಡಿದು ಆಪರೇಷನ್ ಮಾಡಿದವನು, ಬೇಡದ ಆಪರೇಷನ್ ದುಡ್ಡಿಗೆ ಮಾಡಿದವನು, ದಾಖಲೆ ತಿದ್ದಿದವನು ಇರ್ತಾನಲ್ಲ, ಅವನಿಗೆ ವೈದ್ಯಕೀಯ ಪರಿಷತ್ತೂ ಪೊಲೀಸೂ ಇರಲಿ. ಅಲ್ಲಿ ನಮಗೆ ಕರುಣೆ ಇಲ್ಲ. ದಾಖಲೆ ತಿದ್ದೋದಕ್ಕೆ ಶಿಕ್ಷೆ ಈಗಿನದಕ್ಕಿಂತ ಜಾಸ್ತಿ ಆಗಬೇಕು ಅನ್ನೋದರಲ್ಲಿ ನಮ್ಮ ಮೀಟಿಂಗಿನಲ್ಲಿ ಎರಡು ಮಾತಿರಲಿಲ್ಲ.

ನಮ್ಮ ಮಟ್ಟದಲ್ಲಿ ಆಗುವಂಥದ್ದೂ ಒಂದಿದೆ. ಯಾವ ಐವಿ ಬಾಟ್ಲಿ, ಯಾವ ಬ್ಯಾಚ್ ನಂಬರಿನದು, ಯಾವ ರೋಗಿಗೆ, ಯಾವ ದಿನ, ಎಷ್ಟು ಗಂಟೆಗೆ ಹೋಯ್ತು ಅಂತ ಒಂದು ಸ್ಕ್ಯಾನಿನಲ್ಲಿ ದಾಖಲಾಗುವ ವ್ಯವಸ್ಥೆ ಕಟ್ಟೋದು ಫೈನಲ್ ಇಯರ್ ಪ್ರಾಜೆಕ್ಟಿನ ಅಳತೆಯ ಕೆಲಸ. ಕೊರಿಯರಿನಲ್ಲಿ ಬರೋ ಟೀ ಶರ್ಟು ಈಗ ಹುಬ್ಬಳ್ಳಿ ದಾಟಿತಾ ಅಂತ ಫೋನಿನಲ್ಲಿ ನೋಡುವ ನಾವು, ತಾಯಿಯ ರಕ್ತನಾಳಕ್ಕೆ ಹೋಗುವ ಬಾಟ್ಲಿಯ ಜಾಡು ಹಿಡಿಯೋಕೆ ರಿಜಿಸ್ಟರು ಪುಸ್ತಕದ ಹಾಳೆ ತಿರುವುತ್ತಾ ಕೂರೋದು ಇನ್ನೆಷ್ಟು ದಿನ? ಎರಡನೇ ಬಾಣಂತಿಗೆ ಹೆಚ್ಚುಕಮ್ಮಿ ಆದ ಗಂಟೆಯಲ್ಲೇ ಆ ಬ್ಯಾಚು ಇಡೀ ರಾಜ್ಯದಲ್ಲಿ ಎಲ್ಲೆಲ್ಲಿದೆ ಅಂತ ಗೊತ್ತಾಗಬೇಕು. ಇಸಿ, ಸಿಎಸ್, ಬಯೋಮೆಡಿಕಲ್ ಮೂರೂ ಬ್ರಾಂಚಿನವರು ಸೇರಿ ಇದನ್ನು ಮಾಡೋಣ ಅಂತಿದ್ದೇವೆ. ಒಂದು ತಾಲೂಕು ಆಸ್ಪತ್ರೆಯವರು ಒಂದು ವಾರ್ಡಿನಲ್ಲಿ ಪ್ರಯೋಗ ಮಾಡೋಕೆ ಬಾಯಿಮಾತಿಗೆ ಹೂಂ ಅಂದಿದ್ದಾರೆ, ಲಿಖಿತ ಅನುಮತಿ ಇನ್ನೂ ಬಂದಿಲ್ಲ. ಸೇರುವವರು ಶನಿವಾರ ಸಂಜೆ ಕನ್ನಡ ಸಂಘದ ಕೋಣೆಗೆ ಬನ್ನಿ. ಇಡೀ ಲೇಖನ ತಪ್ಪು ಅಂತ ವಾದ ಮಾಡುವವರೂ ಬನ್ನಿ, ಚಹಾ ನಮ್ಮದು.